ಕಬ್ಬಿನ ಚೀಟಿ ಹೇಳುವ ಲೆಕ್ಕ

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಸಮೀರವಾಡಿಯ ರಸ್ತೆಯಲ್ಲಿ ಸೈಕಲ್ ತುಳಿಯುವುದೇ ಕಷ್ಟ. ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಗೋದಾವರಿ ಕಾರ್ಖಾನೆಯ ಗೇಟಿನ ಕಡೆಗೆ ಸಾಲುಗಟ್ಟಿರುತ್ತವೆ. ಒಳಗೆ ಹೋದ ಗಾಡಿ ಮೊದಲು ಕಾಟಾ ಹತ್ತಬೇಕು. ತುಂಬಿದ ಗಾಡಿಯ ತೂಕ ಒಮ್ಮೆ, ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿಯ ತೂಕ ಇನ್ನೊಮ್ಮೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ ಕಬ್ಬಿನ ತೂಕ. ಅದು ಚೀಟಿಯಾಗಿ ರೈತನ ಕೈಗೆ ಬರುತ್ತದೆ.

ಮಕ್ಕಳೇ, ಮನೆಯಲ್ಲಿ ಇಂಥ ಚೀಟಿಗಳಿದ್ದರೆ ಸ್ವಲ್ಪ ಹೊತ್ತು ಕೇಳಿ ಇಸಕೊಳ್ಳಿ. ಕಳೆದುಬಿಟ್ಟೀರಿ ಮತ್ತೆ, ಬಿಲ್ ಬರುವತನಕ ಅವು ಬೇಕು! ಪಿಯುಸಿ ಮೊದಲ ವರ್ಷದಲ್ಲಿ ‘ಸಂಬಂಧಗಳು ಮತ್ತು ಫಲನಗಳು’ ಎಂಬ ಪಾಠ ಬರುತ್ತದೆ. ಹೆಸರು ಕೇಳಿಯೇ ಹೆದರುವವರಿದ್ದಾರೆ. ಆ ಪಾಠದ ಅರ್ಧದಷ್ಟು ಈ ಚೀಟಿಗಳಲ್ಲೇ ಇದೆ.

ಮೂರು ಚೀಟಿ ತೆಗೆದುಕೊಳ್ಳಿ. ಮೊದಲನೆಯದು ಕಾಕಾನದು, ಎರಡನೆಯದು ಮಾವನದು, ಮೂರನೆಯದು ಮತ್ತೆ ಕಾಕಾನದು. ಹೀಗೆ ಬರೆಯೋಣ: (1, ಕಾಕಾ), (2, ಮಾವ), (3, ಕಾಕಾ). ಕಂಸದೊಳಗೆ ಮೊದಲು ಚೀಟಿ, ಆಮೇಲೆ ರೈತ. ಈ ಕ್ರಮ ತಪ್ಪಬಾರದು, ಅದಕ್ಕೇ ಇವುಗಳಿಗೆ ಕ್ರಮಯುಗ್ಮ ಎನ್ನುತ್ತಾರೆ. ಇಂಥ ಜೋಡಿಗಳ ಗುಂಪೇ ಸಂಬಂಧ. ಅಷ್ಟೇ, ಬೇರೇನೂ ಗುಟ್ಟಿಲ್ಲ.

ಈಗ ಯಾವ ಚೀಟಿಯ ನಂಬರ್ ಹೇಳಿದರೂ ಅದು ಯಾರದೆಂದು ತಟ್ಟನೆ ಹೇಳಬಹುದು. ಉತ್ತರ ಒಂದೇ, ಎರಡಾಗುವುದಿಲ್ಲ. ಹೀಗೆ ಪ್ರತಿಯೊಂದಕ್ಕೂ ಒಂದೇ ಉತ್ತರ ಇರುವ ಸಂಬಂಧಕ್ಕೆ ಫಲನ ಎಂದು ಹೆಸರು. ಕಾಕಾನ ಹೆಸರು ಎರಡು ಸಲ ಬಂದಿದೆಯಲ್ಲ ಎಂದು ನೀವು ಕೇಳಬಹುದು. ಬರಲಿ, ಅಡ್ಡಿಯಿಲ್ಲ. ಬೇರೆ ಬೇರೆ ಚೀಟಿಗೆ ಒಬ್ಬನೇ ರೈತನಿರಬಹುದು. ಒಂದೇ ಚೀಟಿಗೆ ಇಬ್ಬರು ಇರಬಾರದು.

ಜೋಡಿಗಳನ್ನು ತಿರುವಿ ಹಾಕಿ: (ಕಾಕಾ, 1), (ಮಾವ, 2), (ಕಾಕಾ, 3). ‘ಕಾಕಾನ ಚೀಟಿ ಯಾವುದು?’ ಎಂದರೆ ಒಂದೋ, ಮೂರೋ? ಸಂಬಂಧ ಇನ್ನೂ ಇದೆ, ಆದರೆ ಫಲನ ಹೋಯಿತು.

ಹೊಲಕ್ಕೆ ಹೋದರೆ ಇನ್ನೊಂದು ತಮಾಷೆ. ‘ಒಂದು ಎಕರೆಗೆ ಎಷ್ಟು ಟನ್ ಕಬ್ಬು?’ ಎಂದು ಊರಿಗೆ ಬಂದವರೆಲ್ಲ ಕೇಳುತ್ತಾರೆ. ಕಾಕಾನ ಎಕರೆಯಲ್ಲಿ 30 ಟನ್, ಮಾವನ ಎಕರೆಯಲ್ಲಿ 45 ಟನ್ ಬಂದಿದೆ ಎಂದುಕೊಳ್ಳಿ. ಎಕರೆ ಒಂದೇ, ಉತ್ತರ ಎರಡು. ಕಾಕಾನದು ಕುಳೆ ಕಬ್ಬು, ಮಾವನದು ಹೊಸ ನಾಟಿ. ಮಣ್ಣು, ನೀರು, ಗೊಬ್ಬರ, ತಳಿ ಎಲ್ಲವೂ ಬೇರೆ. ಎಕರೆಗೂ ಟನ್ನಿಗೂ ಸಂಬಂಧ ಖಂಡಿತ ಇದೆ, ಆದರೆ ಎಕರೆಯೊಂದೇ ಟನ್ನನ್ನು ಗೊತ್ತುಮಾಡುವುದಿಲ್ಲ. ಆ ಪ್ರಶ್ನೆಗೆ ರೈತರು ನಕ್ಕು ಸುಮ್ಮನಾಗುವುದು ಇದಕ್ಕೇ ಇರಬೇಕು.

ಇನ್ನು ದುಡ್ಡಿನ ಮಾತು. ಕಬ್ಬಿಗೆ ಕನಿಷ್ಠ ಎಷ್ಟು ದರ ಕೊಡಬೇಕೆಂದು ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೂ ಗೊತ್ತುಪಡಿಸುತ್ತದೆ. ಎಲ್ಲರೂ ಎಫ್‌ಆರ್‌ಪಿ ಎನ್ನುವುದು ಅದಕ್ಕೇ. ದರ ನಿಂತಿರುವುದು ಸಕ್ಕರೆಯ ಇಳುವರಿಯ ಮೇಲೆ. ಇಳುವರಿ 10.25 ಎಂದರೆ 100 ಕಿಲೋ ಕಬ್ಬಿನಿಂದ ಹತ್ತೂಕಾಲು ಕಿಲೋ ಸಕ್ಕರೆ. ಇದು ಒಬ್ಬೊಬ್ಬ ರೈತನ ಲೆಕ್ಕವಲ್ಲ, ಇಡೀ ಕಾರ್ಖಾನೆಯ ಸರಾಸರಿ.

2025-26ರ ಹಂಗಾಮಿಗೆ ಹಾಕಿದ ನಿಯಮ ಇದು. ಇಳುವರಿ 10.25 ಇದ್ದರೆ ಕ್ವಿಂಟಲ್‌ಗೆ 355 ರೂಪಾಯಿ. ಅದರ ಮೇಲೆ ಪ್ರತಿ 0.1ಕ್ಕೂ 3.46 ರೂಪಾಯಿ ಹೆಚ್ಚು, ಕೆಳಗಿಳಿದರೆ ಅಷ್ಟೇ ಕಡಿಮೆ. ಆದರೆ ಇಳುವರಿ 9.5ಕ್ಕಿಂತ ಎಷ್ಟೇ ಕೆಳಗೆ ಹೋದರೂ ದರ 329.05 ರೂಪಾಯಿಗಿಂತ ಇಳಿಯುವಂತಿಲ್ಲ. ಈ ದರ ಸಾಕೋ ಸಾಲದೋ ಎಂಬ ಜಗಳ ದೊಡ್ಡವರದು, ಅದು ದೊಡ್ಡ ಜಗಳವೇ. ನಮ್ಮ ಕೆಲಸ ಈಗ ಲೆಕ್ಕ.

ಇಳುವರಿಯನ್ನು ‘ಇ’ ಎನ್ನೋಣ. ಅದಕ್ಕೆ ಸಿಗುವ ದರವನ್ನು ದ(ಇ) ಎಂದು ಬರೆಯೋಣ. ಇದು ‘ದ’ವನ್ನು ‘ಇ’ಯಿಂದ ಗುಣಿಸಿದ್ದಲ್ಲ, ಮೋಸ ಹೋಗಬೇಡಿ, ‘ಇ’ಗೆ ತಕ್ಕ ದರ ಎಂದಷ್ಟೇ ಅರ್ಥ. ಹೀಗೆ ಕಂಸ ಹಾಕಿ ಬರೆಯುವ ರೂಢಿಯನ್ನು ಆಯ್ಲರ್ ಎಂಬ ಗಣಿತಜ್ಞ 1734ರಲ್ಲಿ ತಂದ. ಹಾಗಾದರೆ ದ(10.25) = 355. ಇಳುವರಿ 10.75 ಆದರೆ 0.1ರ ಐದು ಹೆಜ್ಜೆ ಮೇಲೆ. ಐದು ಸಲ 3.46 ಎಂದರೆ 17.30, ದ(10.75) = 372.30. ದ(9.2)? ನಿಯಮದ ಪ್ರಕಾರ 329.05. ದ(8.9)? ಅದೂ 329.05.

ಇಲ್ಲಿ ಒಂದು ಅನುಮಾನ ಬರಬೇಕು, ಬಂದರೆ ನೀವು ಜಾಣರು. ಮೇಲಿನ ಭಾಗಕ್ಕೆ ಒಂದು ನಿಯಮ, ಕೆಳಗಿನ ಭಾಗಕ್ಕೆ ಇನ್ನೊಂದು. ಎರಡೂ ಸೇರುವ 9.5ರ ಹತ್ತಿರ ಎರಡು ಉತ್ತರ ಬಂದುಬಿಟ್ಟರೆ? ಹಾಕಿ ನೋಡೋಣ. 10.25ರಿಂದ 9.5ಕ್ಕೆ 0.75 ಇಳಿತ, ಅಂದರೆ ಏಳೂವರೆ ಹೆಜ್ಜೆ. 7.5 × 3.46 = 25.95. 355ರಲ್ಲಿ 25.95 ಕಳೆದರೆ 329.05! ಎರಡೂ ನಿಯಮ ಅದೇ ಅಂಕಿಗೆ ಬಂದು ಕೂಡಿದವು. 9.5ಕ್ಕೂ ಉತ್ತರ ಒಂದೇ, ಹಾಗಾಗಿ ಇದು ಫಲನವೇ. ಹಿಂದಿನ ವರ್ಷ, 2024-25ರಲ್ಲಿ, 10.25ಕ್ಕೆ 340 ರೂಪಾಯಿ, ಹೆಜ್ಜೆಗೆ 3.32, ಕೆಳಗಿನ ಮಿತಿ 315.10 ಇತ್ತು. ಅಲ್ಲಿಯೂ ಕೂಡುತ್ತದೆಯೇ ಎಂದು ನೀವೇ ನೋಡಿ.

‘ಒಂದು ಫಲನಕ್ಕೆ ಎರಡು ನಿಯಮವೇ?’ ಎಂದು ಹಿಂದಿನ ಗಣಿತಜ್ಞರಿಗೂ ಇರುಸುಮುರುಸಾಗುತ್ತಿತ್ತು. ಫಲನವೆಂದರೆ ಒಂದೇ ಸೂತ್ರ ಎಂದು ಅವರಲ್ಲಿ ಹಲವರ ಎಣಿಕೆ. ಉದ್ದಕ್ಕೂ ಒಂದೇ ನಿಯಮ ಇರಲೇಬೇಕೆಂದಿಲ್ಲ, ಪ್ರತಿಯೊಂದಕ್ಕೂ ಒಂದೇ ಉತ್ತರವಿದ್ದರೆ ಸಾಕು ಎಂಬ ಮಾತನ್ನು ಜರ್ಮನಿಯ ಡಿರಿಕ್ಲೆ 1837ರಲ್ಲಿ ಬಿಡಿಸಿ ಹೇಳಿದ.

ಒಂದು ಗ್ರಾಫ್ ಹಾಳೆ ತೆಗೆದುಕೊಂಡು ಅಡ್ಡಕ್ಕೆ ಇಳುವರಿ, ಉದ್ದಕ್ಕೆ ದರ ಗುರುತು ಮಾಡಿ ಬಿಂದುಗಳನ್ನು ಸೇರಿಸಿ. 9.5ರವರೆಗೆ ಗೆರೆ ಮಟ್ಟಸ, ಅಲ್ಲಿಂದ ನೇರ ಏರು. ಸ್ಕೇಲನ್ನು ನೆಟ್ಟಗೆ ನಿಲ್ಲಿಸಿ ಎಡದಿಂದ ಬಲಕ್ಕೆ ಸರಿಸಿದರೆ ಅದು ಎಲ್ಲಿಯೂ ಗೆರೆಯನ್ನು ಎರಡು ಕಡೆ ಮುಟ್ಟುವುದಿಲ್ಲ. ಈಗ ಸ್ಕೇಲನ್ನು ಮಲಗಿಸಿ. 372.30ರ ಮೇಲಿಟ್ಟರೆ ಒಂದೇ ಕಡೆ ಮುಟ್ಟುತ್ತದೆ, ಹಾಗಾಗಿ ದರ ಕೇಳಿ ಇಳುವರಿ 10.75 ಎಂದು ಹೇಳಿಬಿಡಬಹುದು. 329.05ರ ಮೇಲಿಟ್ಟರೋ, ಮಟ್ಟಸವಾದ ಗೆರೆಯೆಲ್ಲ ಸ್ಕೇಲಿನಡಿ. ಆ ದರ ಕೊಟ್ಟ ಕಾರ್ಖಾನೆಯ ಇಳುವರಿ 9.5 ಇತ್ತೋ 8.9 ಇತ್ತೋ, ದರವೊಂದನ್ನೇ ನೋಡಿ ಯಾರೂ ಹೇಳಲಾರರು.