ಬರೆದವನ ಮೇಲೆ ಪಾತ್ರಗಳ ದಂಗೆ: ಫ್ಲಾನ್ ಓಬ್ರಿಯನ್‌ನ ಕಾದಂಬರಿಗಳು



ಐರಿಶ್ ಕಾದಂಬರಿ ಎಂದರೆ ನಮಗೆ ಮೊದಲು ನೆನಪಾಗುವವನು ಜೇಮ್ಸ್ ಜಾಯ್ಸ್, ಆಮೇಲೆ ಸ್ಯಾಮ್ಯುಯೆಲ್ ಬೆಕೆಟ್. ಇಬ್ಬರೂ ದೇಶ ಬಿಟ್ಟು ಹೋಗಿ ಬರೆದವರು. ಈ ಸಂಜೆಗೆ ನಾನು ಆರಿಸಿಕೊಂಡವನು ಡಬ್ಲಿನ್ನಿನಲ್ಲೇ ಉಳಿದ ಮೂರನೆಯವನು. 1935ರಿಂದ 1953ರ ತನಕ ಸರಕಾರಿ ಕಚೇರಿಯಲ್ಲಿ ಕಡತ ನೋಡಿದವನು. ಸೇವಾ ದಾಖಲೆಯಲ್ಲಿ ಅವನ ಹೆಸರು ಬ್ರಯನ್ ಓನೋಲನ್, ಕಾದಂಬರಿಗಳ ಮೇಲೆ ಫ್ಲಾನ್ ಓಬ್ರಿಯನ್, ದಿನಪತ್ರಿಕೆಯಲ್ಲಿ ಮೈಲ್ಸ್ ನ ಗೋಪಲೀನ್. ಇವಲ್ಲದೆ ಇನ್ನೆಷ್ಟು ಗುಪ್ತನಾಮಗಳಲ್ಲಿ ಬರೆದ ಎಂಬ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ.

ಕತೆಗೆ ಕರ್ತೃ ಒಬ್ಬನೇ, ಪಾತ್ರಗಳ ಬದುಕಿಗೆ ಅವನೇ ಒಡೆಯ ಎಂದು ನಾವೆಲ್ಲ ನಂಬಿಕೊಂಡಿದ್ದೇವಲ್ಲ, ಆ ನಂಬಿಕೆಯನ್ನು ಇವನಷ್ಟು ನಗುನಗುತ್ತ, ಇಷ್ಟು ನಿರ್ದಯವಾಗಿ ಬಿಚ್ಚಿ ನೋಡಿದವರು ಕಡಿಮೆ. ಆ ಅನುಮಾನ ಅವನಿಗೆ ಎರಡು ಕಡೆಯಿಂದ ಬಂತೆಂದು ನನ್ನ ವಾದ: ಒಂದು, ಎಳವೆಯಿಂದ ಓದಿದ ಹಳೆಯ ಐರಿಶ್ ಕತೆಗಳು, ಇನ್ನೊಂದು, ಕಚೇರಿಯ ಮೇಜು.

ಓನೋಲನ್ ಹುಟ್ಟಿದ್ದು 1911ರ ಅಕ್ಟೋಬರ್ 5ರಂದು, ಟೈರೋನ್ ಸೀಮೆಯ ಸ್ಟ್ರಬೇನ್ ಪಟ್ಟಣದಲ್ಲಿ. ಹನ್ನೆರಡು ಮಕ್ಕಳಲ್ಲಿ ಮೂರನೆಯವನು. ತಂದೆ ಸುಂಕದ ಇಲಾಖೆಯವರು, ವರ್ಗವಾದಲ್ಲಿಗೆಲ್ಲ ಸಂಸಾರವೂ ಹೊರಡಬೇಕು. ಬ್ರಿಟಿಷ್ ಸರಕಾರದ ಸಂಬಳ ಪಡೆಯುತ್ತಿದ್ದ ಆ ಅಧಿಕಾರಿ ಮನೆಯೊಳಗೆ ಮಾತ್ರ ಐರಿಶ್ ಭಾಷೆಯನ್ನೇ ನಡೆಸಿದರು. ಮುಂದೆ ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದು, ಎಂ.ಎ. ಪ್ರಬಂಧದ ವಿಷಯ ಐರಿಶ್ ನಿಸರ್ಗ ಕಾವ್ಯ. 1935ರಲ್ಲಿ ನೌಕರಿ ಸಿಕ್ಕಿತು. 1937ರಲ್ಲಿ ತಂದೆ ಹಠಾತ್ತನೆ ತೀರಿಕೊಂಡರು. ತಾಯಿ, ತಮ್ಮಂದಿರು, ತಂಗಿಯರ ದೊಡ್ಡ ಸಂಸಾರ ಇಪ್ಪತ್ತೈದು ವರ್ಷದ ಹುಡುಗನ ಸಂಬಳದ ಮೇಲೆ ಬಿತ್ತು. ಯಾಕೆ ಅವನು ಜಾಯ್ಸ್‌ನಂತೆ ಹಡಗು ಹತ್ತಲಿಲ್ಲ ಎಂದು ಕೇಳುವವರು ಈ ಲೆಕ್ಕವನ್ನು ನೋಡಬೇಕು.

ಅವನ ಕೆಲಸ ಸ್ಥಳೀಯಾಡಳಿತ ಇಲಾಖೆಯಲ್ಲಿ. ಕೆಲಕಾಲ ಸಚಿವರಿಗೆ ಆಪ್ತ ಕಾರ್ಯದರ್ಶಿಯೂ ಆಗಿದ್ದ. ಸರಕಾರಿ ಪತ್ರ ಹೇಗೆ ಶುರುವಾಗುತ್ತದೆ ಎಂದು ಸಭೆಯಲ್ಲಿರುವ ನಿವೃತ್ತ ಅಧಿಕಾರಿಗಳಿಗೆ ನಾನು ಹೇಳಬೇಕಾಗಿಲ್ಲ: ಸಚಿವರ ನಿರ್ದೇಶನದ ಮೇರೆಗೆ. ಬರೆಯುವವನೊಬ್ಬ, ಸಹಿ ಹಾಕುವವನೊಬ್ಬ, ಮಾತು ಇನ್ಯಾರದೋ. 1943ರಲ್ಲಿ ಕ್ಯಾವನ್ ಪಟ್ಟಣದ ಅನಾಥಾಶ್ರಮವೊಂದಕ್ಕೆ ರಾತ್ರಿ ಬೆಂಕಿ ಬಿದ್ದು 35 ಹುಡುಗಿಯರು, ಒಬ್ಬ ವೃದ್ಧೆ ಸತ್ತರು. ಅದರ ವಿಚಾರಣಾ ಆಯೋಗಕ್ಕೆ ಕಾರ್ಯದರ್ಶಿಯಾಗಿದ್ದವನು ಇದೇ ಓನೋಲನ್. ಆಯೋಗದ ವರದಿ ಆಶ್ರಮ ನಡೆಸುತ್ತಿದ್ದ ಸನ್ಯಾಸಿನಿಯರ ಮೇಲೆ ಹೊಣೆ ಹೊರಿಸಲಿಲ್ಲ. ಅಂಥ ಕಾಗದಪತ್ರಗಳ ನಡುವೆ ದಿನ ಕಳೆದವನಿಗೆ, ಪುಟದ ಮೇಲಿನ ಮಾತಿಗೆ ಯಾರು ಜವಾಬ್ದಾರರು ಎಂಬುದು ಬರೀ ಸಾಹಿತ್ಯದ ಪ್ರಶ್ನೆಯಾಗಿ ಉಳಿಯುತ್ತದೆಯೆ?

ಮೊದಲ ಕಾದಂಬರಿ ‘ಅಟ್ ಸ್ವಿಮ್ ಟೂ ಬರ್ಡ್ಸ್’ 1939ರ ಮಾರ್ಚಿನಲ್ಲಿ ಲಂಡನ್ನಿನ ಲಾಂಗ್‌ಮನ್ಸ್ ಪ್ರಕಾಶನದಿಂದ ಬಂತು. ಹಸ್ತಪ್ರತಿಯನ್ನು ಓದಿ ಅಚ್ಚಿಗೆ ಶಿಫಾರಸು ಮಾಡಿದವನು ಗ್ರಹಾಂ ಗ್ರೀನ್. ಚಿಕ್ಕಪ್ಪನ ಮನೆಯಲ್ಲಿರುವ ಒಬ್ಬ ಸೋಮಾರಿ ವಿದ್ಯಾರ್ಥಿ ಹಾಸಿಗೆ ಬಿಟ್ಟೇಳದೆ ಕಾದಂಬರಿ ಬರೆಯುತ್ತಾನೆ. ಪುಸ್ತಕಕ್ಕೆ ಒಂದೇ ಆರಂಭ ಯಾಕಿರಬೇಕು ಎಂಬುದು ಅವನ ತಕರಾರು. ಆದ್ದರಿಂದ ಮೂರು ಕೊಡುತ್ತಾನೆ. ಅವನ ಕಾದಂಬರಿಯೊಳಗೆ ಡರ್ಮಟ್ ಟ್ರೆಲಿಸ್ ಎಂಬ ಇನ್ನೊಬ್ಬ ಕಾದಂಬರಿಕಾರ. ಇವನೂ ಹಾಸಿಗೆ ಬಿಡದವನೇ. ಪಾಪದ ಪರಿಣಾಮವನ್ನು ಜನಕ್ಕೆ ತೋರಿಸುವ ನೀತಿಬೋಧಕ ಪುಸ್ತಕ ಬರೆಯಲು ಹೊರಟ ಟ್ರೆಲಿಸ್, ತನ್ನ ಪಾತ್ರಗಳನ್ನೆಲ್ಲ ರೆಡ್ ಸ್ವಾನ್ ಹೋಟೆಲಿನಲ್ಲಿ ತನ್ನ ಜತೆಗೇ ಇರಿಸಿಕೊಳ್ಳುತ್ತಾನೆ. ಕಣ್ಣಳತೆಯಲ್ಲಿದ್ದರೆ ಹದ್ದುಬಸ್ತಿನಲ್ಲಿರುತ್ತವೆ ಎಂದು.

ಆದರೆ ಟ್ರೆಲಿಸ್‌ಗೆ ನಿದ್ದೆ ಜಾಸ್ತಿ. ಅವನು ಮಲಗಿದಾಗ ಪಾತ್ರಗಳು ಸ್ವತಂತ್ರ. ಖಳನಾಗಲೆಂದೇ ಇಪ್ಪತ್ತೈದರ ಪ್ರಾಯದವನಾಗಿ ‘ಹುಟ್ಟಿಸಲ್ಪಟ್ಟ’ ಫರಿಸ್ಕಿಗೆ ಖಳತನ ಬೇಕಿಲ್ಲ. ಅವನು ಮದುವೆಯಾಗಿ ಸಂಸಾರ ಹೂಡುತ್ತಾನೆ. ಒಡೆಯನಿಗೆ ನಿದ್ದೆಯ ಮದ್ದು ಹಾಕುವುದು ಸುರುವಾಗುತ್ತದೆ. ಈ ನಡುವೆ ಟ್ರೆಲಿಸ್ ತಾನೇ ಸೃಷ್ಟಿಸಿದ ಶೀಲಾ ಲಮಾಂಟ್ ಎಂಬ ಹೆಣ್ಣಿನ ಮೇಲೆ ಅತ್ಯಾಚಾರ ಮಾಡುತ್ತಾನೆ. ನೀತಿ ಬೋಧಿಸುವ ಲೇಖಕನೇ ತನ್ನ ಪುಸ್ತಕದ ಪಾಪಿ. ಹುಟ್ಟಿದ ಮಗ ಆರ್ಲಿಕ್‌ಗೆ ಬರೆಯುವ ಶಕ್ತಿ ಅಪ್ಪನಿಂದ ಬಂದಿದೆಯೆಂದು ತಿಳಿದ ಪಾತ್ರಗಳು ಅವನ ಕೈಗೆ ಲೇಖನಿ ಕೊಟ್ಟು, ಅಪ್ಪನನ್ನು ಪಾತ್ರವಾಗಿಸಿ ಚಿತ್ರಹಿಂಸೆ ಕೊಡಿಸುತ್ತವೆ, ನ್ಯಾಯಾಲಯಕ್ಕೆ ಎಳೆಯುತ್ತವೆ. ಸಾಕ್ಷಿಗಳೂ ಅವರೇ, ನ್ಯಾಯಾಧೀಶರೂ ಅವರೇ. ಕೊನೆಗೆ ಟ್ರೆಲಿಸ್ ಬದುಕುವುದು ಹೇಗೆ? ಹೋಟೆಲಿನ ಕೆಲಸದಾಕೆ ತೆರೇಸಾ ಒಲೆ ಹೊತ್ತಿಸಲು ಅವನ ಹಸ್ತಪ್ರತಿಯ ಹಾಳೆಗಳನ್ನು ಬೆಂಕಿಗೆ ಹಾಕುತ್ತಾಳೆ; ಆ ಹಾಳೆಗಳ ಮೇಲೆ ಬದುಕಿದ್ದ ಪಾತ್ರಗಳೂ ಹೋಗುತ್ತವೆ. ದಂಗೆಯನ್ನು ಅಡಗಿಸಿದ್ದು ಸೈನ್ಯವಲ್ಲ, ಬೆಳಗಿನ ಒಲೆ.

ಇದನ್ನೆಲ್ಲ ಬರೀ ಚಮತ್ಕಾರ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಳ್ಳೆಯ ಪಾತ್ರಗಳು ಈಗಾಗಲೇ ಇರುವಾಗ ಹೊಸದನ್ನು ಯಾಕೆ ಹುಟ್ಟಿಸಬೇಕು, ಒಂದು ಪುಸ್ತಕದಿಂದ ಇನ್ನೊಂದಕ್ಕೆ ತಂದುಕೊಳ್ಳಬಾರದೆ ಎಂದು ಆ ವಿದ್ಯಾರ್ಥಿ ವಾದಿಸುತ್ತಾನಲ್ಲ, ಅದು ಹಳೆಯ ಕಥನಗಾರರ ನಿತ್ಯದ ರೂಢಿ. ಕಾದಂಬರಿಯಲ್ಲಿ ಪುರಾಣದ ವೀರ ಫಿನ್ ಮಕೂಲ್ ಬರುತ್ತಾನೆ. ಅವನ ಬಾಯಿಂದ, ಸಂತನೊಬ್ಬನ ಶಾಪಕ್ಕೆ ತುತ್ತಾಗಿ ಹುಚ್ಚು ಹಿಡಿದು ಮರದಿಂದ ಮರಕ್ಕೆ ಹಾರುತ್ತ ಪದ್ಯ ಹೇಳುವ ದೊರೆ ಸ್ವೀನಿಯ ಮಧ್ಯಯುಗದ ಕತೆ ಬರುತ್ತದೆ. ಕಾದಂಬರಿಯ ಹೆಸರು ಕೂಡ ಆ ಕತೆಯಲ್ಲಿ ಬರುವ, ಶಾನನ್ ನದಿಯ ಮೇಲಿನ ಒಂದು ಸ್ಥಳದ್ದು. ಅದರ ಪಕ್ಕದಲ್ಲೇ ಅಗ್ಗದ ಕೌಬಾಯ್ ಕತೆಗಳ ಮಂದಿ ಡಬ್ಲಿನ್ನಿನ ಬೀದಿಯಲ್ಲಿ ಕುದುರೆ ಓಡಿಸುತ್ತಾರೆ, ಕೂಲಿಕಾರರ ಕವಿ ಜೆಮ್ ಕೇಸಿ ಬೀರಿನ ಮೇಲೆ ಪದ್ಯ ಕಟ್ಟುತ್ತಾನೆ. ಪುರಾಣವೂ ಪಬ್ಬೂ ಒಂದೇ ಜಗಲಿಯಲ್ಲಿ. ಸ್ವೀನಿಯ ಪದ್ಯಗಳು ಬಂದಾಗ ಮಾತ್ರ ಅಣಕ ಸಾವಕಾಶವಾಗಿ ಹಿಂದೆ ಸರಿದು ನಿಜವಾದ ಸಂಕಟ ಕೇಳಿಸುತ್ತದೆ. ಎಂ.ಎ. ಪ್ರಬಂಧದ ಹುಡುಗ ಅಲ್ಲಿದ್ದಾನೆ.

ಕಣ್ಣು ತೀರ ಮಂದವಾಗಿದ್ದ ಜಾಯ್ಸ್ ಈ ಪುಸ್ತಕವನ್ನು ಓದಿ ಮೆಚ್ಚಿದ. ಬೋರ್ಹೆಸ್ ಅದೇ ವರ್ಷ ಅರ್ಜೆಂಟೀನಾದ ಪತ್ರಿಕೆಯೊಂದರಲ್ಲಿ ಹೊಗಳಿದ. ಮಾರಾಟವೋ, ಕೆಲವು ನೂರು ಪ್ರತಿ ದಾಟಲಿಲ್ಲ. 1940ರಲ್ಲಿ ಜರ್ಮನ್ ಬಾಂಬುಗಳಿಗೆ ಪ್ರಕಾಶಕರ ಕಟ್ಟಡ ಸುಟ್ಟಾಗ ಉಳಿದ ಪ್ರತಿಗಳೂ ಹೋದವು.

ಅಷ್ಟು ಹೊತ್ತಿಗೆ ‘ದಿ ಥರ್ಡ್ ಪೊಲೀಸ್‌ಮನ್’ ಬರೆದಾಗಿತ್ತು. ನನ್ನ ಲೆಕ್ಕದಲ್ಲಿ ಅವನ ಶ್ರೇಷ್ಠ ಕೃತಿ ಇದು, ಮೊದಲನೆಯದನ್ನು ಎತ್ತಿ ಹಿಡಿಯುವ ವಿಮರ್ಶಕರ ಸಂಖ್ಯೆ ದೊಡ್ಡದಿದ್ದರೂ. ಕತೆ ಹೇಳುವವನಿಗೆ ಹೆಸರಿಲ್ಲ, ಒಂದು ಕಾಲು ಮರದ್ದು. ಡಿ ಸೆಲ್ಬಿ ಎಂಬ ತತ್ತ್ವಜ್ಞಾನಿಯ ಮೇಲೆ ಗ್ರಂಥ ಬರೆದಿದ್ದಾನೆ, ಅಚ್ಚು ಹಾಕಿಸಲು ದುಡ್ಡಿಲ್ಲ. ಆ ದುಡ್ಡಿಗಾಗಿ ಜತೆಗಾರ ಡಿವ್ನಿಯೊಂದಿಗೆ ಸೇರಿ ಮುದುಕ ಮ್ಯಾಥರ್ಸ್‌ನನ್ನು ಕೊಲ್ಲುತ್ತಾನೆ. ಹಣದ ಪೆಟ್ಟಿಗೆಗೆ ಕೈ ಹಾಕಿದ ಕ್ಷಣದಿಂದ ಲೋಕ ಬದಲಾಗುತ್ತದೆ. ಗೋಡೆಯ ಮೇಲೆ ಬರೆದ ಚಿತ್ರದಂತೆ ದಪ್ಪವೇ ಇಲ್ಲದ ಒಂದು ಪೊಲೀಸ್ ಠಾಣೆ ಸಿಗುತ್ತದೆ. ಅಲ್ಲಿನ ಪೊಲೀಸರಿಗೆ ಕೊಲೆಗಿಂತ ಸೈಕಲ್ಲು ಮುಖ್ಯ. ಸಾರ್ಜೆಂಟ್ ಪ್ಲಕ್‌ನ ಸಿದ್ಧಾಂತ ಇದು: ಹದಗೆಟ್ಟ ರಸ್ತೆಯಲ್ಲಿ ಸೈಕಲ್ ಹೊಡೆದೂ ಹೊಡೆದೂ ಸವಾರನ ಅಣುಗಳು ಸೈಕಲ್ಲಿಗೆ, ಸೈಕಲ್ಲಿನ ಅಣುಗಳು ಸವಾರನಿಗೆ ದಾಟುತ್ತವೆ. ಊರಿನ ಅಂಚೆಯವನು ಅರ್ಧಕ್ಕಿಂತ ಹೆಚ್ಚು ಸೈಕಲ್ಲಾಗಿಬಿಟ್ಟಿದ್ದಾನೆ. ಯಾರ ಅಣು ಎಷ್ಟು ಶೇಕಡಾ ದಾಟಿದೆ ಎಂಬ ಲೆಕ್ಕ ಪೊಲೀಸರ ಬಳಿ ಇದೆ. ಪ್ರಮಾಣ ಮೀರದಂತೆ ತಡೆಯಲು ಸಾರ್ಜೆಂಟನೇ ಸೈಕಲ್ ಕದಿಯುತ್ತಾನೆ, ಆಮೇಲೆ ಅವನೇ ಹುಡುಕಿಕೊಡುತ್ತಾನೆ. ಇದನ್ನು ಬರೆಯಲು ಸರಕಾರಿ ನೌಕರನೇ ಬೇಕು.

ಇನ್ನು ಅಡಿಟಿಪ್ಪಣಿಗಳು. ರಾತ್ರಿ ಎಂಬುದು ಕಪ್ಪು ಗಾಳಿಯ ಶೇಖರಣೆ ಎಂದು ನಂಬಿದ್ದ ಡಿ ಸೆಲ್ಬಿಯ ಮೇಲೆ ಹ್ಯಾಚ್‌ಜಾ, ಬ್ಯಾಸೆಟ್, ದು ಗಾರ್ಬಾಂದಿಯೆ ಎಂಬ ವ್ಯಾಖ್ಯಾನಕಾರರು ಪುಟದ ಕೆಳಗೆ ಹೊಡೆದಾಡುತ್ತಾರೆ. ಒಮ್ಮೊಮ್ಮೆ ಟಿಪ್ಪಣಿಯೇ ಪುಟವನ್ನೆಲ್ಲ ತಿಂದು, ಮೇಲಿನ ಕತೆ ಎರಡು ಸಾಲಿಗೆ ಇಳಿಯುತ್ತದೆ. ನಮ್ಮ ಪಿಎಚ್.ಡಿ. ಮಾರ್ಗದರ್ಶಕರಿಗೆ ಇದನ್ನು ಕಡ್ಡಾಯ ಪಠ್ಯವಾಗಿಸಬೇಕೆಂದು ನನಗೊಂದು ಆಸೆ.

ಗುಟ್ಟನ್ನು ಬಿಟ್ಟುಕೊಡುತ್ತೇನೆ, ಕ್ಷಮಿಸಿ. ನಿರೂಪಕ ಆರಂಭದಲ್ಲೇ ಸತ್ತಿದ್ದಾನೆ. ಪೆಟ್ಟಿಗೆಯ ಜಾಗದಲ್ಲಿ ಡಿವ್ನಿ ಬಾಂಬು ಇಟ್ಟಿದ್ದ. ನಾವು ಓದಿದ್ದು ನರಕದ ವರದಿ, ಮತ್ತು ಅದು ಮುಗಿಯುವುದಿಲ್ಲ: ಕೊನೆಯಲ್ಲಿ ಅವನು ಮತ್ತೆ ಅದೇ ಠಾಣೆಗೆ, ಅದೇ ಪ್ರಶ್ನೆಗೆ ಬಂದು ನಿಲ್ಲುತ್ತಾನೆ. ಟ್ರೆಲಿಸ್‌ನ ಪಾತ್ರಗಳಿಗೆ ದಂಗೆಯೇಳಲು ಒಬ್ಬ ಒಡೆಯನಾದರೂ ಇದ್ದ. ಇಲ್ಲಿ ನಿಯಮಗಳಿವೆ, ನಮೂದುಪುಸ್ತಕಗಳಿವೆ, ಅಳತೆಯ ಯಂತ್ರಗಳಿವೆ. ಅವನ್ನು ನಡೆಸುವವನು ಯಾರೆಂದು ತಿಳಿಯುವುದಿಲ್ಲ. ಸಹಿಯಿಲ್ಲದ ಕಡತದೊಳಗೆ ಸಿಕ್ಕಿಬಿದ್ದ ಮನುಷ್ಯ, ಅವನಿಗೂ ಹೆಸರಿಲ್ಲ. ನಗು ಇಲ್ಲಿ ಮೊದಲ ಕಾದಂಬರಿಯಷ್ಟೇ ಇದೆ, ಆದರೆ ಓದಿ ಮುಗಿಸಿದ ಮೇಲೆ ಉಳಿಯುವುದು ಭಯ.

1940ರಲ್ಲಿ ಲಾಂಗ್‌ಮನ್ಸ್ ಇದನ್ನು ತಿರಸ್ಕರಿಸಿತು. ಕಲ್ಪನೆಯ ಅತಿರೇಕ ಕಡಿಮೆಯಾಗಬೇಕಿತ್ತು, ಹೆಚ್ಚಾಗಿದೆ ಎಂಬ ಆಕ್ಷೇಪಣೆ. ಓನೋಲನ್ ಮತ್ತೆ ಹೋರಾಡಲಿಲ್ಲ. ಹಸ್ತಪ್ರತಿ ಕಳೆದುಹೋಯಿತೆಂದು ಗೆಳೆಯರಲ್ಲಿ ಸುದ್ದಿ ಹಬ್ಬಿಸಿದ. ಹೋಟೆಲಿನಲ್ಲಿ ಬಿಟ್ಟೆ ಎಂದು ಒಬ್ಬರಿಗೆ, ಕಾರಿನ ಡಿಕ್ಕಿಯಿಂದ ಹಾಳೆಹಾಳೆಯಾಗಿ ಹಾರಿಹೋಯಿತೆಂದು ಇನ್ನೊಬ್ಬರಿಗೆ. ಅದು ಮನೆಯಲ್ಲೇ ಇತ್ತು. ಉಳಿದ ಇಪ್ಪತ್ತಾರು ವರ್ಷವೂ ಇತ್ತು.

ಅದೇ ವರ್ಷ ಅಕ್ಟೋಬರಿನಲ್ಲಿ ‘ಐರಿಶ್ ಟೈಮ್ಸ್’ ಪತ್ರಿಕೆಯಲ್ಲಿ ಅವನ ‘ಕ್ರೂಸ್ಕೀನ್ ಲಾನ್’ ಅಂಕಣ ಶುರುವಾಯಿತು. ಓದುಗರ ಪತ್ರಗಳ ವಿಭಾಗದಲ್ಲಿ ಗೆಳೆಯರೊಂದಿಗೆ ಸೇರಿ, ಸುಳ್ಳು ಹೆಸರುಗಳಲ್ಲಿ ತಾವೇ ವಾದ ತಾವೇ ಪ್ರತಿವಾದ ನಡೆಸಿದ ಕಿತಾಪತಿ ನೋಡಿ ಸಂಪಾದಕ ಸ್ಮೈಲಿ ಕರೆದು ಕೊಟ್ಟ ಜಾಗ ಅದು. ಸಾಯುವವರೆಗೂ ಬರೆದ. ಶ್ರೀಮಂತರ ಮನೆಯ ಹೊಸ ಪುಸ್ತಕಗಳನ್ನು ಮಡಿಚಿ, ಗೀಚಿ, ಓದಿದಂತೆ ಕಾಣಿಸಿಕೊಡುವ ಸೇವೆಯ ಜಾಹೀರಾತು ಈ ಅಂಕಣದ್ದೇ. ಅಂಕಣ ಕಾದಂಬರಿಕಾರನನ್ನು ತಿಂದುಹಾಕಿತು ಎಂಬ ಮಾತಿದೆ. ಅರ್ಧ ನಿಜ. ಕುಡಿತ ಇನ್ನರ್ಧ ತಿಂದಿತು.

ಆದರೂ 1941ರಲ್ಲಿ ಐರಿಶ್ ಭಾಷೆಯಲ್ಲೇ ಬರೆದ ‘ಆನ್ ಬೇಲ್ ಬೋಖ್ತ್’ ಬಂತು. ಪಶ್ಚಿಮ ತೀರದ ಬಡ ಐರಿಶ್ ಭಾಷಿಕರ ಆತ್ಮಕಥೆಗಳು, ಮುಖ್ಯವಾಗಿ ತೊಮಾಸ್ ಓಕ್ರಿಹನ್‌ನ ದ್ವೀಪಜೀವನದ ಕಥನ, ಆಗ ಶಾಲಾಪಠ್ಯದಷ್ಟು ಪವಿತ್ರ. ಓನೋಲನ್ ಆ ಕಥನವನ್ನು ಗೌರವಿಸುತ್ತಿದ್ದ; ಅದನ್ನು ಪೂಜೆಗಿಟ್ಟ ನಗರದ ಭಾಷಾಭಿಮಾನಿಗಳನ್ನು ಸಹಿಸುತ್ತಿರಲಿಲ್ಲ. ಅದರ ಅಣಕವಾದ ಈ ಕಾದಂಬರಿಯಲ್ಲಿ ಮಳೆ ನಿಲ್ಲುವುದಿಲ್ಲ, ಆಲೂಗಡ್ಡೆ ಬಿಟ್ಟು ಬೇರೆ ಊಟವಿಲ್ಲ. ಶಾಲೆಯ ಮೊದಲ ದಿನ ಮೇಷ್ಟರು ಪ್ರತಿ ಮಗುವಿಗೂ ಒಂದೇ ಇಂಗ್ಲಿಷ್ ಹೆಸರು ಕೊಟ್ಟು ಬಾರಿಸುತ್ತಾರೆ. ಭಾಷಾ ವಿದ್ವಾಂಸನೊಬ್ಬ ಕತ್ತಲೆಯಲ್ಲಿ ಹಂದಿಯ ಗೊಣಗಾಟವನ್ನು ಶುದ್ಧ ಐರಿಶ್ ಎಂದು ಧ್ವನಿಮುದ್ರಿಸಿಕೊಂಡು ಹೋಗುತ್ತಾನೆ. ಭಾಷಾ ಸಮ್ಮೇಳನದಲ್ಲಿ ಭಾಷಣಗಳು ಮುಗಿಯುವುದಿಲ್ಲ, ಹಸಿದ ಊರವರು ಕುಣಿಯುತ್ತಲೇ ಸಾಯುತ್ತಾರೆ. ನಾನು ಬೇರೆ ಯಾವ ಭಾಷೆಯ ಸಮ್ಮೇಳನವನ್ನೂ ನೆನೆಯುತ್ತಿಲ್ಲ. ಈ ನಗೆಯ ಹಿಂದಿರುವವನು ಆ ಭಾಷೆಯಲ್ಲೇ ಬೆಳೆದವನು ಎಂಬುದನ್ನಷ್ಟೇ ಮರೆಯಬೇಡಿ.

ಮುಂದಿನ ಇಪ್ಪತ್ತು ವರ್ಷ ಕಾದಂಬರಿಯಿಲ್ಲ. 1948ರಲ್ಲಿ ಎವೆಲಿನ್ ಮೆಕ್‌ಡಾನೆಲ್ ಜತೆ ಮದುವೆ. 1953ರಲ್ಲಿ, ರಾಜಕಾರಣಿಗಳನ್ನು ಅಂಕಣದಲ್ಲಿ ಗೇಲಿ ಮಾಡಿದ್ದೂ ಸೇರಿ, ಒತ್ತಾಯದ ನಿವೃತ್ತಿ. 1954ರ ಜೂನ್ 16ರಂದು ಕವಿ ಪ್ಯಾಟ್ರಿಕ್ ಕವನಾ ಮೊದಲಾದವರೊಡನೆ ಕುದುರೆಗಾಡಿಯಲ್ಲಿ ಜಾಯ್ಸ್‌ನ ‘ಯುಲಿಸಿಸ್’ ಕಾದಂಬರಿಯ ಹಾದಿ ಹಿಡಿದು ಹೊರಟ. ಸವಾರಿ ಪಬ್ಬಿನಲ್ಲಿ ನಿಂತಿತು. ಇಂದು ಲೋಕವೆಲ್ಲ ಆಚರಿಸುವ ಬ್ಲೂಮ್ಸ್‌ಡೇ ಡಬ್ಲಿನ್ನಿನಲ್ಲಿ ಶುರುವಾದದ್ದು ಹಾಗೆ. ಜಾಯ್ಸ್ ಮೇಲೆ ಅವನಿಗೆ ಭಕ್ತಿಯೂ ಇತ್ತು, ಉರಿಯೂ ಇತ್ತು.

1960ರಲ್ಲಿ ಮೊದಲ ಕಾದಂಬರಿ ಮರುಮುದ್ರಣಗೊಂಡು ಹೊಸ ಓದುಗರು ಸಿಕ್ಕಮೇಲೆ ಅವನು ಮತ್ತೆ ಕುಳಿತು ಬರೆದ. 1961ರ ‘ದಿ ಹಾರ್ಡ್ ಲೈಫ್’ ಸಾಧಾರಣ. 1964ರ ‘ದಿ ಡಾಲ್ಕಿ ಆರ್ಕೈವ್’ ಕುತೂಹಲದ್ದು. ಅಲ್ಲಿ ಜಾಯ್ಸ್ ಸತ್ತಿಲ್ಲ. ಕಡಲತೀರದ ಸಣ್ಣ ಊರಿನಲ್ಲಿ ಪಬ್ಬಿನ ಪರಿಚಾರಕನಾಗಿ, ‘ಯುಲಿಸಿಸ್’ ತನ್ನದಲ್ಲವೆಂದು ಅಲ್ಲಗಳೆಯುತ್ತ, ಜೆಸ್ಯುಟ್ ಪಾದ್ರಿಯಾಗಲು ಹಂಬಲಿಸುತ್ತಿದ್ದಾನೆ. ಡಿ ಸೆಲ್ಬಿ ಅಲ್ಲಿದ್ದಾನೆ; ಅಣು-ಸೈಕಲ್ ಸಿದ್ಧಾಂತವೂ ಇದೆ. ಅಚ್ಚಾಗದ ಪುಸ್ತಕದಿಂದ ಕಿತ್ತು ತಂದದ್ದು. ಪಾತ್ರಗಳನ್ನು ಇದ್ದ ಪುಸ್ತಕಗಳಿಂದ ತಂದುಕೊಳ್ಳಿ ಎಂದು 1939ರಲ್ಲಿ ಆ ವಿದ್ಯಾರ್ಥಿಯ ಬಾಯಲ್ಲಿ ಆಡಿಸಿದ್ದನ್ನು ಅವನು ಕೊನೆಗೆ ತನ್ನ ಮೇಲೆಯೇ ಪ್ರಯೋಗಿಸಿದ.

ಓನೋಲನ್ ತೀರಿಕೊಂಡದ್ದು 1966ರ ಏಪ್ರಿಲ್ 1ರಂದು. ಮರುವರ್ಷ ‘ದಿ ಥರ್ಡ್ ಪೊಲೀಸ್‌ಮನ್’ ಹೊರಬಂತು. ಓದುಗರು ನಕಲನ್ನು ಓದಿದ ಮೂರು ವರ್ಷಕ್ಕೆ ಅಸಲನ್ನು ಕಂಡರು. ನೀವು ಆ ಕ್ರಮ ಅನುಸರಿಸಬೇಕಾಗಿಲ್ಲ. ಅಸಲಿನಿಂದ ಶುರು ಮಾಡಿ, ಅಡಿಟಿಪ್ಪಣಿಗಳನ್ನು ಹಾರಿಸಬೇಡಿ, ‘ಡಾಲ್ಕಿ ಆರ್ಕೈವ್’ ಕೊನೆಗಿರಲಿ.