ಲಕ್ಷ್ಮಣತೀರ್ಥದ ತಲೆಗಟ್ಟಿನಲ್ಲಿ

ಹಕ್ಕಿ ನೋಡುವ ಹವ್ಯಾಸದವರು ಚಳಿಯ ಬೆಟ್ಟಗಳ ಮಾತೆತ್ತಿದರೆ ಒಡನೆಯೇ ಹಿಮಾಲಯದ ಹೆಸರು ಹೇಳುತ್ತಾರೆ. ಮೈಸೂರು ಸೀಮೆಯವರಾದ ನೀವು ಅಷ್ಟು ದೂರ ಹೋಗಬೇಕಾಗಿಲ್ಲ. ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಗೆ ಹೋಗಿ, ಲಕ್ಷ್ಮಣತೀರ್ಥಕ್ಕೆ ಅಡ್ಡಲಾಗಿ ಕಟ್ಟಿರುವ ಕಟ್ಟೆಯ ಬಳಿ ನಿಂತು, ನೀರು ಬರುವ ದಿಕ್ಕಿಗೆ ಮುಖಮಾಡಿ. ಆ ನೀರು ಹುಟ್ಟುವ ಜಾಗದಲ್ಲಿ ಉಣ್ಣೆಯ ಕೋಟು ಬೇಕೆನಿಸುವ ಚಳಿಯಿದೆ, ಹಗಲಲ್ಲೂ ಮಬ್ಬಾಗಿರುವ ಕಾಡಿದೆ. ಜಗತ್ತಿನಲ್ಲಿ ಪಶ್ಚಿಮ ಘಟ್ಟಗಳ ಮೇಲಲ್ಲದೆ ಬೇರೆಲ್ಲೂ ಸಿಗದ ಹಕ್ಕಿಗಳೂ ಇವೆ. ಇಂದು ಆ ದಾರಿಯ ವಿಚಾರವಾಗಿ ನಾಲ್ಕು ಮಾತು ಹೇಳುತ್ತೇನೆ.

ಹೊರಡುವ ಮೊದಲು ಕಟ್ಟೆಯ ಬಳಿಯೇ ಅರ್ಧ ಗಂಟೆ ಕಳೆಯಿರಿ. ಬೆಳ್ಳಕ್ಕಿ, ನೀರುಕಾಗೆ, ವರಟೆ, ಮಿಂಚುಳ್ಳಿ ಇವು ನಿಮಗೆ ಗೊತ್ತಿರುವ ಹಕ್ಕಿಗಳೇ. ಆದರೂ ಇವನ್ನು ಮನಸ್ಸಿಟ್ಟು ನೋಡಿದರೆ ಮುಂದೆ ಅನುಕೂಲವಾಗುತ್ತದೆ. ಬಯಲಿನ ಹಕ್ಕಿ ಬೆಳಕಿನಲ್ಲಿ ಕಾಣಿಸಿಕೊಳ್ಳುತ್ತದೆ. ಬೆಟ್ಟದ ಕಾಡಿನ ಹಕ್ಕಿ ಮೊದಲು ಕಿವಿಗೆ ಬಿದ್ದು ಆಮೇಲೆ, ನಿಮ್ಮ ಪುಣ್ಯವಿದ್ದರೆ, ಕಣ್ಣಿಗೆ ಬೀಳುತ್ತದೆ. ರೇಡಿಯೋ ಕೇಳಿ ಪಳಗಿದ ಕಿವಿ ಇಲ್ಲಿ ಕೆಲಸಕ್ಕೆ ಬರುತ್ತದೆ.

ಹುಣಸೂರಿನಿಂದ ಆನೆಚೌಕೂರು, ತಿತಿಮತಿ, ಗೋಣಿಕೊಪ್ಪ, ಪೊನ್ನಂಪೇಟೆ, ಶ್ರೀಮಂಗಲಗಳ ಮೇಲೆ ಇರ್ಪಿಗೆ ದಾರಿ. ಸೀತೆಯನ್ನು ಹುಡುಕುತ್ತ ಬಂದ ರಾಮನಿಗೆ ಬಾಯಾರಿದಾಗ ಲಕ್ಷ್ಮಣ ಬ್ರಹ್ಮಗಿರಿಗೆ ಬಾಣ ಬಿಟ್ಟು ನೀರು ತರಿಸಿದನೆಂದು ಸ್ಥಳದ ಕಥೆ. ಹೊಳೆಗೆ ಆ ಹೆಸರು ಬಂದದ್ದೂ ಅದರಿಂದಲೇ. ಶಿವರಾತ್ರಿಯಲ್ಲಿ ಇಲ್ಲಿ ಜನ ಕಿಕ್ಕಿರಿಯುತ್ತಾರೆ. ಹಕ್ಕಿಗಾಗಿ ಬರುವವರು ಆ ದಿನವನ್ನು ಬಿಟ್ಟು ಬರುವುದು ಮೇಲು.

ಜಲಪಾತದ ಕೆಳಗಿನ ಬಂಡೆಗಳ ಮೇಲೆ ಎರಡು ಹಕ್ಕಿಗಳನ್ನು ಹುಡುಕಿ. ಒಂದು ಸಿಳ್ಳಾರ. ದೂರಕ್ಕೆ ಕಪ್ಪಾಗಿ ಕಂಡರೂ ಬಿಸಿಲು ಬಿದ್ದಾಗ ಹಣೆ ಮತ್ತು ಹೆಗಲಿನ ಮೇಲೆ ಕಡುನೀಲಿ ಹೊಳೆಯುತ್ತದೆ. ಬೆಳಗಿನ ಜಾವ ಅದು ಹಾಕುವ ಸಿಳ್ಳು ಯಾವ ರಾಗಕ್ಕೂ ಸೇರದು. ಪಾಠಶಾಲೆಗೆ ಹೋಗಲು ಮನಸ್ಸಿಲ್ಲದ ಹುಡುಗ ದಾರಿಯಲ್ಲಿ ಸಿಳ್ಳೆ ಹಾಕುತ್ತ ಕಾಲ ಕಳೆದಂತಿರುತ್ತದೆ. ಇನ್ನೊಂದು ಬೂದು ಬೆನ್ನು, ಹಳದಿ ಹೊಟ್ಟೆ, ಸದಾ ಕುಣಿಯುವ ಬಾಲದ ಸಿಪಿಲೆ. ಸಿಳ್ಳಾರ ಇಲ್ಲಿಯದೇ. ಸಿಪಿಲೆ ಮಾತ್ರ ಹಿಮಾಲಯದ ಕಡೆಯ ತೊರೆಗಳ ಪಕ್ಕದಲ್ಲಿ ಮರಿ ಮಾಡಿ, ಸೆಪ್ಟೆಂಬರ್ ಹೊತ್ತಿಗೆ ನಮ್ಮ ಘಟ್ಟಗಳಿಗೆ ಇಳಿಯುತ್ತದೆ.

ಇರ್ಪಿನಿಂದ ಮೇಲಕ್ಕೆ ಹೋಗಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು, ಜೊತೆಗೆ ದಾರಿ ಬಲ್ಲ ಕಾವಲುಗಾರ ಬೇಕು. ಮಳೆಗಾಲದಲ್ಲಿ, ಕಾಡಿಗೆ ಬೆಂಕಿ ಬೀಳುವ ಬೇಸಿಗೆಯಲ್ಲಿ ಅಪ್ಪಣೆ ನಿಲ್ಲಿಸುವುದೂ ಉಂಟು. ಬ್ರಹ್ಮಗಿರಿ 1974ರಿಂದ ವನ್ಯಜೀವಿಧಾಮ. ವಿಸ್ತಾರ ಸುಮಾರು 181 ಚದರ ಕಿಲೋಮೀಟರ್. ಆನೆ, ಕಾಟಿಗಳು ಓಡಾಡುವ ಕಾಡು. ನರಿಮಲೆಯ ಅರಣ್ಯ ಶಿಬಿರದವರೆಗೆ ಏರು ದಾರಿ. ಅಲ್ಲಿಂದ ಹುಲ್ಲುಗಾವಲಿನ ಬೋಳು ಬೆಟ್ಟಗಳ ಮೇಲೆ 1608 ಮೀಟರ್ ಎತ್ತರದ ಶಿಖರ. ಶಿಖರದ ಆಚೆಗೆ ಕೇರಳದ ತಿರುನೆಲ್ಲಿ. ಒದ್ದೆಯ ಕಾಲವಾದರೆ ಇಂಬಳದ ಕಾಟವುಂಟು. ಅದಕ್ಕೆ ಹಳೆಯ ಮದ್ದು, ಕಾಲುಚೀಲಕ್ಕೆ ತಿಕ್ಕುವ ಹೊಗೆಸೊಪ್ಪಿನ ಪುಡಿ. ಹೊಗೆಸೊಪ್ಪಿನ ಹರಾಜು ಕಟ್ಟೆಯಿರುವ ಕಟ್ಟೆಮಳಲವಾಡಿಯಿಂದ ಹೊರಟವರಿಗೆ ಈ ಮದ್ದಿಗೆ ಕೊರತೆಯಿಲ್ಲ!

ಹುಲ್ಲುಬೆಟ್ಟಗಳ ನಡುವಣ ಕೊಲ್ಲಿಗಳಲ್ಲಿ ಮಾತ್ರ ಒತ್ತಾಗಿ ಬೆಳೆದ ಕುಳ್ಳು ಮರಗಳ ಕಾಡನ್ನು ಶೋಲಾ ಎನ್ನುತ್ತಾರೆ. ಹಾವಸೆ ಹತ್ತಿದ ಕೊಂಬೆಗಳು, ಕಾಲ ಕೆಳಗೆ ಸ್ಪಂಜಿನಂಥ ನೆಲ. ಒಳಗೆ ಕಾಲಿಟ್ಟರೆ ಹೊರಗಿನ ಗಾಳಿ ತಟ್ಟನೆ ನಿಂತಂತಾಗುತ್ತದೆ. ಇಲ್ಲಿ ನಡೆಯಬೇಡಿ, ಕುಳಿತುಕೊಳ್ಳಿ. ಹತ್ತು ನಿಮಿಷ ಅಲುಗದೆ ಕುಳಿತರೆ, ಮಾರುದೂರದಲ್ಲಿ, ನೆಲದಿಂದ ಎರಡು ಅಡಿ ಎತ್ತರದ ಕಡ್ಡಿಯ ಮೇಲೆ ಕೆಂಡದ ಚೂರಿನಂಥ ಪುಟ್ಟ ಹಕ್ಕಿ ಬಂದು ಕೂತೀತು. ಮೈ ಕಿತ್ತಳೆ, ತಲೆ ಮತ್ತು ರೆಕ್ಕೆ ಕಪ್ಪು. ಇದು ಕಪ್ಪು-ಕಿತ್ತಳೆ ನೊಣಹಿಡುಕ. 1839ರಲ್ಲಿ ಜೆರ್ಡನ್ ಎಂಬ ವೈದ್ಯ ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟ. ಮನುಷ್ಯರನ್ನು ಕಂಡು ಹೆಚ್ಚು ಬೆದರುವುದಿಲ್ಲ. ಒಣ ಎಲೆಗಳನ್ನು ಚೆಂಡಿನಂತೆ ಸೇರಿಸಿ ಪೊದೆಯ ತಗ್ಗಿನಲ್ಲೇ ಗೂಡು ಕಟ್ಟುತ್ತದೆ. ಇಡುವುದು ಎರಡೇ ಮೊಟ್ಟೆ. ಅದರಾಚೆ, ಇನ್ನೂ ಕತ್ತಲಲ್ಲಿ, ನೆಲದ ಎಲೆ ಕೆದಕುವ ನೀಲಿ ಹಕ್ಕಿಯೊಂದಿದೆ: ನೀಲಗಿರಿ ನೀಲಿ ರಾಬಿನ್. ಇದನ್ನು ಕಾಣುವುದು ಕಷ್ಟ, ಕೇಳುವುದು ಸುಲಭ. ಚಳಿಗಾಲ ಕಳೆದ ಮೇಲೆ ಅದರ ಹಾಡು ಕೊಲ್ಲಿಯಿಂದ ಕೊಲ್ಲಿಗೆ ಹರಿದುಬರುತ್ತದೆ.

ಈ ಹಕ್ಕಿಗಳ ವಂಶವೃತ್ತಾಂತ ಬಹು ಸ್ವಾರಸ್ಯವಾದದ್ದು. ಎತ್ತರದ ಚಳಿಗೆ ಒಗ್ಗಿದ ಇವು ಬಿಸಿಯಾದ ತಗ್ಗನ್ನು ದಾಟಿ ಇನ್ನೊಂದು ಬೆಟ್ಟಕ್ಕೆ ಹೋಗಲಾರವು. ಸಮುದ್ರದಲ್ಲಿ ದ್ವೀಪಗಳಿರುವಂತೆ ಇವುಗಳ ಪಾಲಿಗೆ ಶಿಖರಗಳು. ಪಾಲಕ್ಕಾಡು ಕಣಿವೆಯ ಉತ್ತರದ ನೀಲಿ ರಾಬಿನ್ ಒಂದು ಜಾತಿ, ದಕ್ಷಿಣದ್ದು ಬೇರೊಂದು. 2017ರಲ್ಲಿ ವಿ. ವಿ. ರಾಬಿನ್ ಮತ್ತು ಸಂಗಡಿಗರು ರಕ್ತದ ಅಂಶಗಳನ್ನು ಹೋಲಿಸಿ, ಈ ರಾಬಿನ್‌ಗಳೂ ಘಟ್ಟದ ನಗೆಮಲ್ಲಗಳೂ ಬೇರೆಡೆಯ ಬಂಧುಗಳಿಂದ ಎಂದೋ ಬೇರ್ಪಟ್ಟು ಬೆಳೆದ ಕುಲಗಳೆಂದು ತೋರಿಸಿ, ಎರಡಕ್ಕೂ ಹೊಸ ಕುಲನಾಮ ಕೊಟ್ಟರು. ರಾಬಿನ್ ಹಕ್ಕಿಯ ಕುಲನಾಮ ಷೋಲಿಕೋಲ. ನಮ್ಮ ಶೋಲಾ ಕಾಡೇ ಅದರಲ್ಲಿ ಸೇರಿಕೊಂಡಿದೆ. ದ್ವೀಪದ ಹಕ್ಕಿಗೆ ಇನ್ನೊಂದು ಕಷ್ಟವುಂಟು. ಸೆಕೆ ಹೆಚ್ಚಿದರೆ ಬಯಲಿನ ಹಕ್ಕಿ ಬೆಟ್ಟ ಹತ್ತಬಹುದು. ಬೆಟ್ಟದ ತುದಿಯಲ್ಲಿರುವ ಹಕ್ಕಿ ಎಲ್ಲಿಗೆ ಹತ್ತಬೇಕು?

ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದಾಗ ಕೊಡಗು ಬೇರೆ ಪ್ರಾಂತವಾಗಿತ್ತು. ಹೊಳೆಯ ನಡುಭಾಗ ಮೈಸೂರಿನದು, ತಲೆಗಟ್ಟು ಕೊಡಗಿನದು. ಹಕ್ಕಿಗೆ ಆ ಗಡಿಯ ಗೊಡವೆಯಿರಲಿಲ್ಲ; 1956ರ ಬಳಿಕ ನಮಗೂ ಇಲ್ಲ.

ಇನ್ನು ಚಿತ್ರ ತೆಗೆಯುವ ವಿಚಾರ. ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಮೊದಲಾದವರು ಫಿಲಂ ಸುರುಳಿಯ ಕಾಲದಲ್ಲಿ ಚಿತ್ರ ತೆಗೆದರು. ಸುರುಳಿಗೆ 36 ಚಿತ್ರ. ಗುಂಡಿ ಒತ್ತುವ ಮೊದಲು ಯೋಚಿಸಲೇಬೇಕಾಗಿತ್ತು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಚಿತ್ರವನ್ನೂ ತೆಗೆದರು, ಅವುಗಳ ವಿಷಯವನ್ನು ತಿಳಿಗನ್ನಡದಲ್ಲಿ ಬರೆದೂ ತೋರಿಸಿದರು. ಈಗಿನ ಕ್ಯಾಮೆರಾ ಒಂದು ಕ್ಷಣದಲ್ಲಿ ಹತ್ತು ಚಿತ್ರ ಹಿಡಿಯುತ್ತದೆ. ಆದರೆ ಶೋಲಾದ ಕತ್ತಲನ್ನು ಅದೂ ಪೂರ್ತಿ ಗೆದ್ದಿಲ್ಲ. ಮುಕ್ಕಾಲಿಯ ಮೇಲಿಟ್ಟು, ಹಕ್ಕಿ ಕತ್ತು ತಿರುಗಿಸಿ ನಿಂತ ಗಳಿಗೆಯನ್ನು ಕಾಯಿರಿ. ರಾತ್ರಿಯ ಚಳಿಯಲ್ಲಿ ತಣ್ಣಗಾದ ಕ್ಯಾಮೆರಾವನ್ನು ಬೆಚ್ಚನೆಯ ಕೋಣೆಯೊಳಗೆ ತಂದು ಒಡನೆ ತೆರೆದರೆ ಮಸೂರದ ಮೇಲೆ ಹನಿ ಕಟ್ಟುತ್ತದೆ. ಚೀಲದಲ್ಲೇ ಇಟ್ಟು ಮೆಲ್ಲಗೆ ಬೆಚ್ಚಗಾಗಲು ಬಿಡಿ.

ಒಂದು ಸಂಗತಿಯನ್ನು ಮಾತ್ರ ಕಟುವಾಗಿಯೇ ಹೇಳಬೇಕು. ಈಚೆಗೆ ಕೆಲವರು ಹಕ್ಕಿಯ ಹಾಡನ್ನು ಮೊಬೈಲಿನಲ್ಲಿ ತುಂಬಿಕೊಂಡು ಬಂದು ಪೊದೆಯ ಪಕ್ಕದಲ್ಲಿ ನುಡಿಸುತ್ತಾರೆ. ತನ್ನ ಗಡಿಯೊಳಕ್ಕೆ ಇನ್ನೊಂದು ಗಂಡು ನುಗ್ಗಿತೆಂದು ತಿಳಿದು ಹಕ್ಕಿ ಹೊರಗೆ ಹಾರಿಬರುತ್ತದೆ, ಚಿತ್ರ ಸಿಗುತ್ತದೆ. ಹುಳ ಹಿಡಿದು ಮರಿಗೆ ಉಣಿಸಬೇಕಾದ ಹೊತ್ತನ್ನು ಆ ಹಕ್ಕಿ ಇಲ್ಲದ ಶತ್ರುವಿನೊಡನೆ ಕಾದಾಡಿ ಕಳೆಯುತ್ತದೆ. ಇವತ್ತು ಒಬ್ಬರು, ನಾಳೆ ಇನ್ನೊಬ್ಬರು. ಬಯಲಿನ ಕಾಗೆಗೆ ಇದನ್ನು ಮಾಡಿದರೆ ಹೇಗೋ ತಡೆದೀತು. ಒಂದು ಕೊಲ್ಲಿಯಲ್ಲಿ ಕೆಲವೇ ಜೋಡಿ ಇರುವ ಹಕ್ಕಿ ತಡೆಯದು. ಗೂಡಿನ ಮುಂದಿನ ಎಲೆ ಸರಿಸಿ ಚಿತ್ರ ತೆಗೆಯುವುದೂ ಇಂಥದೇ. ಮುಚ್ಚಿಟ್ಟ ಗೂಡನ್ನು ನಾವೇ ಬೇಟೆಗಾರ ಹಕ್ಕಿಗೂ ಹಾವಿಗೂ ತೋರಿಸಿಕೊಟ್ಟಂತೆ. ಅಂಥ ಚಿತ್ರವನ್ನು ಯಾರಾದರೂ ನಿಮಗೆ ತೋರಿಸಿದರೆ ಹೊಗಳಬೇಡಿ. ಹೇಗೆ ತೆಗೆದಿರಿ ಎಂದು ಕೇಳಿ.

ಇದೆಲ್ಲ ಬೆಟ್ಟದ ಮೇಲಿನ ಮಾತು, ಕೆಳಗಿನ ನಮಗೇನು ಎನ್ನುವವರಿರಬಹುದು. ಆ ಹುಲ್ಲೂ ಆ ಕೊಲ್ಲಿಯ ಕಾಡೂ ಮಳೆಯ ನೀರನ್ನು ಹಿಡಿದಿಟ್ಟು ತಿಂಗಳುಗಟ್ಟಲೆ ಸಣ್ಣಗೆ ಬಿಡುತ್ತವೆ. ಲಕ್ಷ್ಮಣತೀರ್ಥ ಬೇಸಿಗೆಯಲ್ಲಿ ಹುಣಸೂರಿನ ಬಳಿ ಬತ್ತಿ ಮರಳಾಗುವುದನ್ನು ನೀವೇ ನೋಡಿದ್ದೀರಿ. ಹನಗೋಡಿನ ಕಟ್ಟೆ, ಕಟ್ಟೆಮಳಲವಾಡಿಯ ಕಟ್ಟೆಗಳ ಕೆಳಗೆ ಭತ್ತ ಬೆಳೆಯುವವರಿಗೆ ಬ್ರಹ್ಮಗಿರಿಯ ಶೋಲಾ ಎಷ್ಟು ಉಳಿದಿದೆ ಎಂಬುದು ಹವ್ಯಾಸದ ಪ್ರಶ್ನೆಯಲ್ಲ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳಿಗೆ ಸೌದೆ ಎಲ್ಲಿಂದ ಬರುತ್ತದೆ ಎಂಬುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಸೌದೆಗೆಂದೇ ಹೊಲದ ಬದುವಿನಲ್ಲಿ ಸಿಲ್ವರ್ ಓಕ್, ಸರ್ವೆ ಬೆಳೆಸಿದ ರೈತರು ಕಾಡಿನ ಮೇಲಿನ ಹೊರೆಯನ್ನು ಅಷ್ಟರಮಟ್ಟಿಗೆ ಇಳಿಸಿದ್ದಾರೆ.

ಹೋಗುವುದಾದರೆ ಡಿಸೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಬೈನಾಕ್ಯುಲರ್, ಟಿಪ್ಪಣಿ ಪುಸ್ತಕ, ಬೂದು ಅಥವಾ ಹಸುರು ಬಣ್ಣದ ಉಡುಪು, ಬೆಚ್ಚನೆಯ ಟೊಪ್ಪಿಗೆ ಇಷ್ಟಿದ್ದರೆ ಸಾಕು. ಕ್ಯಾಮೆರಾ ಇಲ್ಲದಿದ್ದರೂ ನಷ್ಟವಿಲ್ಲ. ಏಪ್ರಿಲ್ ಮುಗಿಯುವ ಹೊತ್ತಿಗೆ ಇರ್ಪಿನ ಬಂಡೆಗಳ ಮೇಲಿನ ಸಿಪಿಲೆ ಉತ್ತರಕ್ಕೆ ಹೊರಟುಹೋಗಿರುತ್ತದೆ. ಆಗ ಸಿಳ್ಳಾರ ಮಳೆಗಾಲದ ತನ್ನ ಹಾಡಿಗೆ ಗಂಟಲು ಸರಿಮಾಡಿಕೊಳ್ಳುತ್ತಿರುತ್ತದೆ.