ರೈತರ ವಿಡಿಯೋಗೆ ಎಂಥ ಕತ್ತರಿ ಬೇಕು?

(ಬಳೇಪೇಟೆಯಲ್ಲಿ ಸೇರಿದ್ದ ರೈತರ ಸಭೆಯಲ್ಲಿ ನಮ್ಮ ಬ್ಲಾಕಿನ ಗ್ರಾಮಸೇವಕರು ಮಾಡಿದ ಭಾಷಣ)



ಹೊಲದ ಕೆಲಸ ಬಿಟ್ಟು ಬಳೇಪೇಟೆಯವರೆಗೆ ಬಂದು ಈ ಸಭೆಯಲ್ಲಿ ಕುಳಿತಿದ್ದೀರಿ. ನಿಮ್ಮ ಹೊತ್ತನ್ನು ಹೆಚ್ಚು ತೆಗೆದುಕೊಳ್ಳುವುದಿಲ್ಲ. ಇಂದು ನಾನು ಆಡಬೇಕೆಂದಿರುವುದು ಬೀಜ ಗೊಬ್ಬರದ ಮಾತಲ್ಲ. ಬೀಜ ಗೊಬ್ಬರದ ಮಾತನ್ನು ಒಬ್ಬರಿಂದ ಇನ್ನೊಬ್ಬರಿಗೆ ಮುಟ್ಟಿಸುವ ಒಂದು ಸಾಧನದ ಮಾತು.

ಮೊಬೈಲಿನಲ್ಲಿ ವಿಡಿಯೋ ತೆಗೆಯುವುದು ಈಗ ಹಳ್ಳಿಯ ಹುಡುಗರಿಗೂ ಕೈಬಂದ ವಿದ್ಯೆ. ತೆಗೆದದ್ದನ್ನು ಕತ್ತರಿಸಿ, ಜೋಡಿಸಿ, ಅಕ್ಷರ ಹಾಕಿ, ನೋಡುವ ಹಾಗೆ ಮಾಡಿಕೊಡುವ ಸಾಫ್ಟ್‌ವೇರುಗಳು ಅಂತರ್ಜಾಲದಲ್ಲಿವೆ. ಅವುಗಳನ್ನು ತಯಾರಿಸುವವರು ಒಂದು ಸಲ ಮಾಡಿ ಸುಮ್ಮನೆ ಕೂರುವುದಿಲ್ಲ. 'ಮುಂದೆ ಏನು ಸುಧಾರಣೆ ಬೇಕು?' ಎಂದು ಬಳಸುವವರನ್ನು ಕೇಳುತ್ತಾರೆ. ಬಂದ ಕೋರಿಕೆಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಯೋಜನೆ ಹಾಕುತ್ತಾರೆ. ಪಟ್ಟಣದವರು ತಮಗೆ ಬೇಕಾದ್ದನ್ನು ಬರೆದು ಕಳುಹಿಸುತ್ತಾರೆ. ನಾವು ಕಳುಹಿಸುವುದು ಕಡಮೆ. ಅಳದಿದ್ದರೆ ಹೆತ್ತ ತಾಯಿಯೂ ಹಾಲೂಡಿಸುವುದಿಲ್ಲ ಎಂದ ಮೇಲೆ ದೂರದ ಕಂಪನಿಯವರಿಗೆ ನಮ್ಮ ಹಸಿವು ಹೇಗೆ ತಿಳಿಯಬೇಕು?

ನಾವು ಕುಳಿತಿರುವ ಪೇಟೆಯ ಹೆಸರಿನಲ್ಲಿಯೇ ಇದಕ್ಕೊಂದು ಪಾಠವಿದೆ. ಅಕ್ಕಿಪೇಟೆ, ಅರಳೆಪೇಟೆಗಳಂತೆ ಇದಕ್ಕೂ ಸರಕಿನಿಂದಲೇ ಹೆಸರು. ಬಳೆಗಾರನು ಬಣ್ಣ ತೋರಿಸುವ ಮುನ್ನ ಕೈ ನೋಡುತ್ತಾನೆ. 2-4 ಎಂಬ ಅಳತೆಗೂ 2-6 ಎಂಬ ಅಳತೆಗೂ ಇರುವ ವ್ಯತ್ಯಾಸ ಇಂಚಿನ ಎಂಟನೆಯ ಒಂದು ಪಾಲು. ಅಷ್ಟಕ್ಕೇ ಗಾಜಿನ ಬಳೆ ಒಡೆದು ಕೈ ಕೊಯ್ಯುತ್ತದೆ. ಸಾಫ್ಟ್‌ವೇರಿನ ಸುಧಾರಣೆಯೂ ಹೀಗೆಯೇ. ಮೊದಲು ಕೈ ಅಳೆಯಬೇಕು, ಬಣ್ಣ ಆಮೇಲೆ.

ಹಿಂದಿನ ಅನುಭವ

ರೈತನಿಗೆ ಚಿತ್ರ ತೋರಿಸಿ ಕಲಿಸುವ ಪ್ರಯತ್ನ ಹೊಸದಲ್ಲ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮ ಬಂತು. ನಮ್ಮಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಕಡೆಯ ಹಳ್ಳಿಗಳು ಅದರಲ್ಲಿ ಸೇರಿದ್ದವು. ಅದು ದೊಡ್ಡ ಕೆಲಸ. ಆದರೆ ಚಿತ್ರ ತೆಗೆದವರು, ಕತ್ತರಿಸಿದವರು ಬೇರೆ. ರೈತನ ಪಾಲಿಗೆ ಬಂದದ್ದು ನೋಡುವ ಕೆಲಸ.

2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ರಿಕಿನ್ ಗಾಂಧಿ ಮತ್ತು ಜೊತೆಗಾರರು 'ಡಿಜಿಟಲ್ ಗ್ರೀನ್' ಎಂಬ ಪ್ರಯೋಗವನ್ನು ಆರಂಭಿಸಿದರು. ಗ್ರೀನ್ ಫೌಂಡೇಶನ್ ಎಂಬ ಸಂಸ್ಥೆಯ ಜೊತೆ ಸೇರಿ ಕರ್ನಾಟಕದ ಹಳ್ಳಿಗಳಲ್ಲಿ ರೈತರಿಂದಲೇ, ರೈತರ ಹೊಲದಲ್ಲಿಯೇ ವಿಡಿಯೋ ಮಾಡಿಸಿದರು. ಸ್ಥಳೀಯರೊಬ್ಬರು ಊರಿನವರನ್ನು ಕೂಡಿಸಿ ತೋರಿಸುವುದು, ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುವುದು, ಆಮೇಲೆ ಯಾರು ಆ ಪದ್ಧತಿಯನ್ನು ಹೊಲದಲ್ಲಿ ಮಾಡಿದರೆಂದು ಲೆಕ್ಕ ಇಡುವುದು, ಇದು ಅವರ ಕ್ರಮ. 16 ಹಳ್ಳಿಗಳಲ್ಲಿ 13 ತಿಂಗಳು ಪರೀಕ್ಷೆ ನಡೆಯಿತು. ಅವುಗಳಲ್ಲಿ 8 ಹಳ್ಳಿಗಳು ಹೋಲಿಕೆಗಾಗಿ ಇಟ್ಟವು. ಬರಿಯ ಮಾತಿನ ವಿಸ್ತರಣೆಗಿಂತ ವಿಡಿಯೋ ಸೇರಿಸಿದ ಕಡೆ ಕೆಲವು ಪದ್ಧತಿಗಳನ್ನು ಅಳವಡಿಸಿಕೊಂಡವರು ಆರೇಳು ಪಟ್ಟು ಹೆಚ್ಚು ಎಂದು ಕಂಡುಬಂತು. 2008ರಲ್ಲಿ ಅದು ಸ್ವತಂತ್ರ ಸಂಸ್ಥೆಯಾಯಿತು.

ಅಲ್ಲಿ ಕಂಡ ಒಂದು ಸಂಗತಿಯನ್ನು ಗಮನಿಸಿ. ವಿಡಿಯೋ ನೋಡಿದ ರೈತರು ಮೊದಲು ಕೇಳುತ್ತಿದ್ದದ್ದು 'ಈ ರೈತ ಯಾರು? ಯಾವ ಊರಿನವರು?' ಎಂದು. ತಮ್ಮಂಥವನೇ ಮಾಡಿದ್ದಾನೆ ಎಂದು ತಿಳಿದರೆ ನಂಬಿಕೆ ಬರುತ್ತದೆ. ಹೀಗಿರುವಲ್ಲಿ ಊರಿನ ಹೆಸರು, ಮಣ್ಣಿನ ಬಗೆ, ಮಳೆಯಾಶ್ರಯವೋ ನೀರಾವರಿಯೋ ಎಂಬುದು ವಿಡಿಯೋದಲ್ಲಿ ಇರಲೇಬೇಕು. ಕತ್ತರಿ ಹಿಡಿದವನು 'ಇದು ಬೇಸರ' ಎಂದು ಮೊದಲು ಕಿತ್ತುಹಾಕುವುದು ಇದನ್ನೇ.

ಕತ್ತರಿ ತಪ್ಪಿದರೆ ಏನಾಗುತ್ತದೆ?

ಬೋರ್ಡೋ ದ್ರಾವಣವನ್ನೇ ತೆಗೆದುಕೊಳ್ಳಿ. ದ್ರಾಕ್ಷಿ ಬೆಳೆಯುವವರಿಗೂ ಅಡಿಕೆ ತೋಟದವರಿಗೂ ಇದು ಪರಿಚಿತ. ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು. ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಕರಗಿಸಿ ಕೂಡಿಸಬೇಕು. ಕೂಡಿಸಿದ ಮೇಲೆ ಹೊಳೆಯುವ ಚಾಕುವಿನ ಅಲಗನ್ನು ಒಂದು ನಿಮಿಷ ಅದರಲ್ಲಿ ಅದ್ದಿ ಹಿಡಿಯಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ. ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಹಾಗೆ ಮಾಡದೆ ಸಿಂಪಡಿಸಿದರೆ ಎಲೆ ಸುಡುತ್ತದೆ.

ಈ ಕೆಲಸವನ್ನು ವಿಡಿಯೋ ಮಾಡುವಾಗ ಆ ಒಂದು ನಿಮಿಷ ಯಾರೂ ಮಾತಾಡುವುದಿಲ್ಲ. ಚಾಕು ಹಿಡಿದ ಕೈ ಸುಮ್ಮನೆ ಇರುತ್ತದೆ. ಈಗಿನ ಹಲವು ಸಾಫ್ಟ್‌ವೇರುಗಳಲ್ಲಿ ಸದ್ದಿಲ್ಲದ ಭಾಗವನ್ನು ತಾನಾಗಿ ಕತ್ತರಿಸಿಹಾಕುವ ಅನುಕೂಲವಿದೆ. ಮಾತುಗಾರನಿಗೆ ಅದು ಒಳ್ಳೆಯದೇ. ಆದರೆ ರೈತನ ವಿಡಿಯೋದಲ್ಲಿ ಅದೇ ಕತ್ತರಿ ಚಾಕುವಿನ ಪರೀಕ್ಷೆಯನ್ನು ಕಿತ್ತುಬಿಡುತ್ತದೆ. ನೋಡಿದವನಿಗೆ ಚಾಕು ಅದ್ದಿದ್ದೂ ತೆಗೆದದ್ದೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಂತೆ ಕಾಣುತ್ತದೆ. ಅವನೂ ಹಾಗೆಯೇ ಮಾಡುತ್ತಾನೆ. ನಷ್ಟ ತೋಟದಲ್ಲಿ ಆಗುತ್ತದೆ.

ಎರಡನೆಯದು, ಮಾತನ್ನು ಕೇಳಿ ತಾನೇ ಅಕ್ಷರ ಬರೆಯುವ ಅನುಕೂಲ. ಕಿವಿ ಮಂದವಾದವರಿಗೆ, ಗದ್ದಲದಲ್ಲಿ ನೋಡುವವರಿಗೆ ಇದು ಬಹಳ ಉಪಕಾರಿ. ಆದರೆ ನಮ್ಮ ಭಾಷೆಯಲ್ಲಿ 'ಮೂರು' ಮತ್ತು 'ನೂರು' ಎಷ್ಟು ಹತ್ತಿರ ನೋಡಿ! ಗಾಳಿಯ ಸದ್ದಿನಲ್ಲಿ ಯಂತ್ರವು ಒಂದನ್ನು ಇನ್ನೊಂದಾಗಿ ಬರೆದರೆ ಔಷಧದ ಪ್ರಮಾಣ ಏನಾಗಬೇಕು?

ಮೂರನೆಯದು ಒತ್ತಕ್ಷರ. ಕನ್ನಡ ಅಕ್ಷರಗಳನ್ನು ಕೂಡಿಸುವ ಕ್ರಮ ತಿಳಿಯದ ಸಾಫ್ಟ್‌ವೇರಿನಲ್ಲಿ 'ಸುಣ್ಣ' ಎಂದು ಬೆರಳಚ್ಚು ಮಾಡಿದರೆ 'ಸುಣ್‌ಣ' ಎಂದು ಒಡೆದು ಬರುತ್ತದೆ. 'ಹತ್ತು' ಎಂಬುದು 'ಹತ್‌ತು' ಆಗುತ್ತದೆ. ಅಡೋಬ್ ಕಂಪನಿಯ ಪ್ರೀಮಿಯರ್ ಸಾಫ್ಟ್‌ವೇರಿನಲ್ಲಿ ಇದಕ್ಕೆ ದಕ್ಷಿಣ ಏಷ್ಯದ ಲಿಪಿಗಳ ವ್ಯವಸ್ಥೆಯನ್ನು ಆರಿಸಿಕೊಳ್ಳುವ ಅವಕಾಶ ಕೊಟ್ಟಿದ್ದಾರೆ. ಎಂದ ಮೇಲೆ ಇದು ಆಗದ ಕೆಲಸವಲ್ಲ. ಹಳೆಯ ಫಾಂಟುಗಳಲ್ಲಿ ಬರೆದು ಹೇಗೋ ನಿಭಾಯಿಸುವವರೂ ಇದ್ದಾರೆ. ಆದರೆ ಯೂನಿಕೋಡಿನಲ್ಲಿಲ್ಲದ ಆ ಬರಹವನ್ನು ಕಂಪ್ಯೂಟರು ಕನ್ನಡವೆಂದು ಗುರುತಿಸುವುದಿಲ್ಲ. 'ಕೊಳೆರೋಗ' ಎಂದು ಹುಡುಕಿದ ರೈತನಿಗೆ ಅದು ಸಿಕ್ಕುವುದೂ ಇಲ್ಲ.

ನಾಲ್ಕನೆಯದು ತಾರೀಖು. ಎಂಡೋಸಲ್ಫಾನ್ ಔಷಧವನ್ನು ಸುಪ್ರೀಂ ಕೋರ್ಟು 2011ರ ಮೇ 13ರಂದು ತಡೆಹಿಡಿಯಿತು. ಕಾಸರಗೋಡಿನ ಗೇರು ತೋಟಗಳ ಸುತ್ತಿನ ಜನ ಅನುಭವಿಸಿದ ಸಂಕಟ ನಿಮಗೆಲ್ಲ ತಿಳಿದದ್ದೇ. ಅದಕ್ಕೂ ಮುಂಚೆ ಆ ಔಷಧವನ್ನು ಹೇಳಿಕೊಟ್ಟ ಒಂದು ವಿಡಿಯೋ ಇದ್ದರೆ, ಅದರ ಮೇಲೆ ತಾರೀಖು ಇಲ್ಲದಿದ್ದರೆ, ಇಂದು ನೋಡುವವನು ಅದನ್ನು ಇಂದಿನ ಸಲಹೆಯೆಂದೇ ತಿಳಿಯುತ್ತಾನೆ. ಮೊಬೈಲಿನಿಂದ ಮೊಬೈಲಿಗೆ ಹೋದ ಪ್ರತಿಯನ್ನು ಹಿಂದಕ್ಕೆ ಕರೆಯಲು ಯಾರಿಂದಲೂ ಆಗದು. ಆದ್ದರಿಂದ ತಿಂಗಳು, ವರ್ಷ, ಊರು ಚಿತ್ರದಲ್ಲಿಯೇ ಅಚ್ಚಾಗಿರಬೇಕು.

ಐದನೆಯದು ನೆಟ್‌ವರ್ಕು. ಒಳ್ಳೆಯ ಮೊಬೈಲಿನ ವಿಡಿಯೋ ನಿಮಿಷಕ್ಕೆ ಸುಮಾರು 130 ಎಂ.ಬಿ. ತೂಗುತ್ತದೆ. 10 ನಿಮಿಷಕ್ಕೆ 1300 ಎಂ.ಬಿ. ಸೆಕೆಂಡಿಗೆ ಒಂದು ಮೆಗಾಬಿಟ್ಟು ಏರಿಸುವ ಸಂಪರ್ಕದಲ್ಲಿ ಇದನ್ನು ಕಳುಹಿಸಲು ಮೂರು ಗಂಟೆಗೆ ಹತ್ತಿರ ಬೇಕು. ನಡುವೆ ಕರೆಂಟು ಹೋಯಿತೆಂದರೆ ಮೊದಲಿನಿಂದ! ಇದಕ್ಕೆ ಹಳೆಯ ಸಿನಿಮಾದವರು ಒಂದು ದಾರಿ ಕಂಡಿದ್ದರು. ಮೂಲ ನೆಗಟಿವನ್ನು ಜೋಪಾನವಾಗಿ ಇಟ್ಟು, ಅದರ ಪ್ರತಿಯನ್ನು ಕತ್ತರಿಸಿ ನೋಡಿ, ಎಲ್ಲ ಸರಿಯಾದ ಮೇಲೆ ಅದೇ ಗುರುತಿನಂತೆ ಮೂಲವನ್ನು ಕತ್ತರಿಸುತ್ತಿದ್ದರು. ಹಾಗೆಯೇ ಹತ್ತನೆಯ ಒಂದು ಪಾಲು ತೂಕದ ಸಣ್ಣ ಪ್ರತಿಯನ್ನು ಕಳುಹಿಸಿ ಕೆಲಸ ಮಾಡುವಂತಿದ್ದರೆ ಮೂರು ಗಂಟೆ ಹದಿನೇಳು ಹದಿನೆಂಟು ನಿಮಿಷಕ್ಕೆ ಇಳಿಯುತ್ತದೆ. ಡಿಜಿಟಲ್ ಗ್ರೀನ್‌ನವರು ತಮ್ಮ ಲೆಕ್ಕ ಬರೆಯಲು 'ಕೊಕೊ' ಎಂಬ ವ್ಯವಸ್ಥೆಯನ್ನು ಕಟ್ಟಿದಾಗ ಸಂಪರ್ಕ ಇಲ್ಲದಾಗಲೂ ಕೆಲಸ ನಡೆದು, ಸಂಪರ್ಕ ಬಂದಾಗ ತಾನೇ ಕೂಡಿಕೊಳ್ಳುವಂತೆ ಮಾಡಿದರು. ಹಳ್ಳಿಯ ಸಾಧನಕ್ಕೆ ಬೇಕಾದ ಗುಣ ಇದು.

ಕೋರಿಕೆಯನ್ನು ತೂಗುವ ಬಗೆ

ಪ್ರತಿಯೊಬ್ಬರೂ ಒಂದೊಂದು ಬೇಡಿಕೆ ಹೇಳಿದರೆ ಪಟ್ಟಿ ನೂರಾಗುತ್ತದೆ, ಕೆಲಸ ಒಂದೂ ಆಗುವುದಿಲ್ಲ. ಆದ್ದರಿಂದ ಪ್ರತಿ ಕೋರಿಕೆಯನ್ನೂ ಐದು ಪ್ರಶ್ನೆಗಳಿಂದ ತೂಗಿ ನೋಡಿ.

1. ತೊಡಕು ಯಾರಿಗೆ, ಯಾವ ಕೆಲಸದಲ್ಲಿ? 'ಒಂದು ಕೆಂಪು ಗುಂಡಿ ಬೇಕು' ಎನ್ನಬೇಡಿ. 'ಪ್ರಮಾಣ ತಪ್ಪಾಗಿ ಬರೆಯುತ್ತದೆ, ಹುಡುಕಿ ತಿದ್ದಲು ಅರ್ಧ ಗಂಟೆ ಹಿಡಿಯುತ್ತದೆ' ಎನ್ನಿ. ರೋಗದ ಲಕ್ಷಣ ನಾವು ಹೇಳೋಣ. ಮದ್ದು ಅವರು ಹುಡುಕಲಿ.

2. ಎಷ್ಟು ಜನಕ್ಕೆ, ಎಷ್ಟು ಸಲ ಈ ತೊಡಕು?

3. ತಪ್ಪಿದರೆ ಕೆಡುವುದು ಏನು? ಚಿತ್ರದ ಅಂದವೋ, ಬೆಳೆಯೋ, ಪ್ರಾಣವೋ?

4. ಸದ್ಯಕ್ಕೆ ಬೇರೆ ದಾರಿ ಉಂಟೇ?

5. ಅದನ್ನು ಮಾಡಲು ತಯಾರಿಸುವವರಿಗೆ ಎಷ್ಟು ಶ್ರಮ?

ಈ ತಕ್ಕಡಿಯಲ್ಲಿ ತೂಗಿದರೆ ನನಗೆ ತೋರುವ ಸಾಲು ಹೀಗಿದೆ. ಮೊದಲನೆಯದು, ಯಂತ್ರ ಬರೆದ ಅಂಕಿ ಮತ್ತು ಪ್ರಮಾಣಗಳನ್ನು ಬೇರೆ ಬಣ್ಣದಲ್ಲಿ ತೋರಿಸಿ, ಮನುಷ್ಯ ನೋಡಿ ಒಪ್ಪಿದ ಹೊರತು ವಿಡಿಯೋ ಮುಗಿಯದಂತೆ ಮಾಡುವುದು. ಎರಡನೆಯದು, 'ಇಲ್ಲಿ ಕತ್ತರಿಸಬೇಡ' ಎಂಬ ಗುರುತು. ಅದು ಇದ್ದ ಕಡೆ ತಾನಾಗಿ ಕತ್ತರಿಸುವ ಯಂತ್ರ ಕೈ ಹಾಕಬಾರದು. ಮೂರನೆಯದು, ಒತ್ತಕ್ಷರ ಒಡೆಯದ ಕನ್ನಡ. ನಾಲ್ಕನೆಯದು, ಸಣ್ಣ ಪ್ರತಿ ಮತ್ತು ಸಂಪರ್ಕವಿಲ್ಲದಾಗಲೂ ನಡೆಯುವ ಕೆಲಸ. ಐದನೆಯದು, ಊರು ಮತ್ತು ತಾರೀಖಿನ ಅಚ್ಚು. ಇದನ್ನು ಕೊನೆಗೆ ಇಟ್ಟದ್ದು ಮಹತ್ವ ಕಡಮೆಯೆಂದಲ್ಲ. ಇಂದೇ ನಾವು ಕೈಯಿಂದ ಬರೆದು ಹಾಕಬಹುದು, ಅದಕ್ಕೆ. ಮಿನುಗುವ ಹೂವು, ಹಾರುವ ಅಕ್ಷರ, ಹಿನ್ನೆಲೆ ಸಂಗೀತ ಇವೆಲ್ಲ ಆಮೇಲೆ ಬರಲಿ.

ತಾಯಂದಿರು ಒಂದು ಮಾತು ಸೇರಿಸಬಹುದು. ಕೆಲಸ ತೋರಿಸಲು ಒಪ್ಪಿದರೂ ಮುಖ ತೋರಿಸಲು ಒಪ್ಪದವರಿದ್ದಾರೆ. ಮುಖವನ್ನು ಮಸುಕು ಮಾಡುವ ಅನುಕೂಲ ಸುಲಭವಾಗಿರಬೇಕು. ಯಾರನ್ನು ತೆಗೆದರೂ ಅವರ ಒಪ್ಪಿಗೆ ಮೊದಲು ಪಡೆಯಬೇಕು.

ಒಂದು ಎಚ್ಚರಿಕೆ

ಅಂತರ್ಜಾಲದ ಸಾಧನ ನಮ್ಮ ಮನೆಯ ಗುದ್ದಲಿಯಲ್ಲ; ಬಾಡಿಗೆಯ ಎತ್ತು. ಯೂಟ್ಯೂಬ್‌ನವರು ತಮ್ಮಲ್ಲಿದ್ದ ಹಳೆಯ ವಿಡಿಯೋ ಎಡಿಟರನ್ನು 2017ರ ಸೆಪ್ಟೆಂಬರಿನಲ್ಲಿ ಮುಚ್ಚಿದರು. ಆಸ್ಟ್ರೇಲಿಯದ ಕ್ಲಿಪ್‌ಚಾಂಪನ್ನು 2021ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. ಒಡೆಯ ಬದಲಾದರೆ ಯೋಜನೆಯೂ ಬದಲಾಗಬಹುದು. ಆದ್ದರಿಂದ ಮೂಲ ವಿಡಿಯೋವನ್ನು ಬಿತ್ತನೆ ಬೀಜದಂತೆ ಎರಡು ಕಡೆ ಕಾದಿಡಿ. ಕೇಡನ್‌ಲೈವ್, ಶಾಟ್‌ಕಟ್, ಓಪನ್‌ಶಾಟ್ ಎಂಬ ಸ್ವತಂತ್ರ ಸಾಫ್ಟ್‌ವೇರುಗಳಿವೆ. ಕಂಪ್ಯೂಟರು ಬೇಕೆಂಬುದು ಅವುಗಳ ತೊಡಕು. ಆದರೆ ದುಡ್ಡು ಕೊಡಬೇಕಾಗಿಲ್ಲ, ನೆಟ್‌ವರ್ಕಿಲ್ಲದೆಯೂ ನಡೆಯುತ್ತವೆ. ಅವುಗಳ ಕುಂದುಕೊರತೆಯ ಪಟ್ಟಿ ಎಲ್ಲರಿಗೂ ತೆರೆದಿದೆ. ನಮ್ಮ ಓದಿದ ಹುಡುಗರು ಅಲ್ಲಿ ನಮ್ಮ ತೊಡಕನ್ನು ಬರೆಯಬಹುದು, ಕನ್ನಡಕ್ಕೆ ತರಲು ಕೈ ಜೋಡಿಸಬಹುದು.

ಸುಧಾರಣೆ ಬಂದ ಮೇಲೆ ಅದನ್ನು ಪರೀಕ್ಷಿಸುವುದೂ ನಮ್ಮ ಕೆಲಸವೇ. ಹೊಸ ತಳಿಯನ್ನು ಮೊದಲು ಒಂದು ಮಡಿಯಲ್ಲಿ ಹಾಕಿ ನೋಡುವುದಿಲ್ಲವೇ? ಹಾಗೆಯೇ ಒಂದು ಊರಿನಲ್ಲಿ ಹಳೆಯ ರೀತಿಯ ವಿಡಿಯೋ, ಇನ್ನೊಂದು ಊರಿನಲ್ಲಿ ಹೊಸ ರೀತಿಯದು ತೋರಿಸಿ. ಎಷ್ಟು ಜನ ನೋಡಿದರು ಎಂಬ ಲೆಕ್ಕ ಸಾಲದು. ಎಷ್ಟು ಜನ ಚಾಕು ಅದ್ದಿ ಒಂದು ನಿಮಿಷ ಕಾದರು ಎಂಬುದೇ ಲೆಕ್ಕ.

ಈ ವಾರ ಪ್ರತಿ ಹಳ್ಳಿಯಲ್ಲೂ ಹತ್ತು ಜನ ಕೂಡಿ, ನಿಮ್ಮವರೇ ಮಾಡಿದ ಒಂದು ವಿಡಿಯೋವನ್ನು ನೋಡಿ. ಎಲ್ಲಿ ಅರ್ಥವಾಗಲಿಲ್ಲ, ಎಲ್ಲಿ ತಪ್ಪು ತಿಳಿಯುವ ಸಂಭವವಿದೆ ಎಂದು ಗುರುತು ಹಾಕಿ. ಮೂರೇ ಮೂರು ಕೋರಿಕೆ ಆರಿಸಿ, ಐದು ಪ್ರಶ್ನೆಗೂ ಉತ್ತರ ಬರೆದು, ಬ್ಲಾಕಿನ ಕಚೇರಿಗೆ ತಲುಪಿಸಿ. ಎಲ್ಲ ಹಳ್ಳಿಗಳದನ್ನೂ ಒಟ್ಟುಗೂಡಿಸಿ ಸಾಫ್ಟ್‌ವೇರು ತಯಾರಿಸುವವರಿಗೆ ಬರೆಯುವ ಕೆಲಸ ನನ್ನದು.

ಬೆಳೆ ನಿಮ್ಮದು, ಅನುಭವ ನಿಮ್ಮದು, ವಿಡಿಯೋ ನಿಮ್ಮದು. ಕತ್ತರಿ ಹೇಗಿರಬೇಕೆಂದು ಹೇಳುವ ಹಕ್ಕೂ ನಿಮ್ಮದೇ.